ಆನೆಕಾಲು ಗುಳಿಗೆಯ ಹಿಂದಿನ ಡಾಕ್ಟರ್: ಮೆಟ್ರಿಕ್‌ನಲ್ಲಿ ಎರಡು ಸಲ ಫೇಲಾಗಿದ್ದ ಸುಬ್ಬರಾವ್ ಬದುಕಿನ ಕಥೆ

ಯಾದಗಿರಿ: ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೆ ಬಂದು ಆನೆಕಾಲು ರೋಗದ ಗುಳಿಗೆ ಕೊಡೋದು ನಮ್ಮ ಜಿಲ್ಲೆಯವರಿಗೆ ಹೊಸದೇನಲ್ಲ. ಕೆಲವರು ಅವರ ಎದುರಿಗೇ ನುಂಗುತ್ತಾರೆ. ಇನ್ನು ಕೆಲವರು ಆಮೇಲೆ ತಗೋತೀವಿ ಅಂತ ಕೈಯಲ್ಲಿ ಇಸಕೊಂಡು, ಅವರು ಓಣಿ ದಾಟಿದ ಮೇಲೆ ಗಟಾರಕ್ಕೆ ಎಸೆಯುತ್ತಾರೆ. ಕಾಲು ಚೆನ್ನಾಗೇ ಇದೆ, ನನಗ್ಯಾಕೆ ಗುಳಿಗೆ ಅನ್ನೋದು ಅವರ ಲೆಕ್ಕ.

ಆ ಗುಳಿಗೆಗಳಲ್ಲಿ ಒಂದರ ಹೆಸರು ಡಿಇಸಿ. ಪೂರ್ತಿ ಹೆಸರು ಡೈಈಥೈಲ್‌ಕಾರ್ಬಮಜೀನ್. ಬಾಯಿ ತಿರುಗದ ಈ ಹೆಸರಿನ ಹಿಂದೆ ನಮ್ಮ ಪಕ್ಕದ ತೆಲುಗು ನಾಡಿನ ಒಬ್ಬ ಮನುಷ್ಯ ಇದ್ದಾರೆ. ಅವರೇ ಡಾ. ಯೆಲ್ಲಾಪ್ರಗಡ ಸುಬ್ಬರಾವ್. ಗರ್ಭಿಣಿಯರಿಗೆ ಕೊಡುವ ಕೆಂಪು ಗುಳಿಗೆಯಲ್ಲಿರುವ ಫೋಲಿಕ್ ಆಸಿಡ್, ರಕ್ತದ ಕ್ಯಾನ್ಸರ್‌ಗೂ ಸಂಧಿವಾತಕ್ಕೂ ಕೊಡುವ ಮೆಥೋಟ್ರೆಕ್ಸೇಟ್, ಮೆಡಿಕಲ್ ಶಾಪ್‌ನಲ್ಲಿ ಸಿಗುವ ಟೆಟ್ರಾಸೈಕ್ಲಿನ್ ಜಾತಿಯ ಔಷಧಗಳು, ಇವೆಲ್ಲದರ ಬೇರು ಹುಡುಕಿಕೊಂಡು ಹೋದರೂ ಸಿಗೋದು ಇದೇ ಮನುಷ್ಯನ ಪ್ರಯೋಗಶಾಲೆ.

ಕಾಶಿಗೆ ಓಡಿಹೋದ ಹುಡುಗ

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಆಗಿನ ಮದ್ರಾಸ್ ಪ್ರಾಂತ್ಯದ ಭೀಮಾವರಂನಲ್ಲಿ. ಈಗ ಅದು ಆಂಧ್ರಪ್ರದೇಶದ ಪಶ್ಚಿಮ ಗೋದಾವರಿ ಜಿಲ್ಲೆ. ಅಪ್ಪ ಜಗನ್ನಾಥಂ ಕಂದಾಯ ಇಲಾಖೆಯಲ್ಲಿ ನೌಕರಿಯಲ್ಲಿದ್ದವರು. ಆರೋಗ್ಯ ಕೈಕೊಟ್ಟು ಬೇಗ ನೌಕರಿ ಬಿಟ್ಟರು. ಮನೆ ತುಂಬ ಮಕ್ಕಳು, ಕೈಯಲ್ಲಿ ಕಾಸಿಲ್ಲ. ತಾಯಿ ವೆಂಕಮ್ಮನೇ ಸಂಸಾರ ಎಳೆದರು.

ಹುಡುಗನಿಗೆ ಓದಿನ ಮೇಲೆ ಮನಸ್ಸಿರಲಿಲ್ಲ. ಹದಿಮೂರರ ವಯಸ್ಸಿನಲ್ಲಿ ಮನೆ ಬಿಟ್ಟು ಓಡಿದ. ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಮಾಡಬೇಕು ಅನ್ನೋದು ಅವನ ಯೋಜನೆ. ಮನೆಯವರು ಹುಡುಕಿ ವಾಪಸ್ ಕರೆತಂದರು. ತಾಯಿ ಬಿಡಲಿಲ್ಲ, ಮತ್ತೆ ಶಾಲೆಗೆ ಕಳಿಸಿದರು. ಮೆಟ್ರಿಕ್‌ನಲ್ಲಿ ಎರಡು ಸಲ ಫೇಲ್. ಮದ್ರಾಸಿನ ಹಿಂದೂ ಹೈಸ್ಕೂಲಿಗೆ ಹೋದ ಮೇಲೆ ಮೂರನೇ ಸಲಕ್ಕೆ ಪಾಸಾದ. ಫೇಲಾದ ಮಕ್ಕಳನ್ನ ಇನ್ನು ಇವನ ಕೈಲಿ ಏನೂ ಆಗಲ್ಲ ಅಂತ ಮೂಲೆಗೆ ಕೂರಿಸುವ ಮನೆಗಳು ನಮ್ಮಲ್ಲೂ ಇವೆ. ವೆಂಕಮ್ಮ ಹಾಗೆ ಮಾಡಲಿಲ್ಲ ಅನ್ನೋದನ್ನ ನೆನಪಲ್ಲಿ ಇಟ್ಟುಕೊಳ್ಳಬೇಕು.

ಪ್ರೆಸಿಡೆನ್ಸಿ ಕಾಲೇಜು ಸೇರಿದ ಮೇಲೆ ಇನ್ನೊಂದು ತಿರುವು. ರಾಮಕೃಷ್ಣ ಮಿಷನ್ ಸೇರಿ ಸನ್ಯಾಸಿ ಆಗಬೇಕು ಅಂತ ಸುಬ್ಬರಾವ್ ಹಟ ಹಿಡಿದರು. ತಾಯಿ ಒಪ್ಪಲಿಲ್ಲ. ಜನರ ಸೇವೆ ಮಾಡೋದಕ್ಕೆ ವೈದ್ಯ ವೃತ್ತಿಯೂ ಒಂದು ದಾರಿ ಅಂತ ಕೊನೆಗೆ ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು. ಓದಿನ ಖರ್ಚಿಗೆ ಮುಂದೆ ಮಾವನಾದ ಕಸ್ತೂರಿ ಸೂರ್ಯನಾರಾಯಣಮೂರ್ತಿ ನೆರವಾದರು. ಅವರ ಮಗಳು ಶೇಷಗಿರಿಯನ್ನು ಸುಬ್ಬರಾವ್ ಮದುವೆಯಾದರು.

ಖಾದಿ ತೊಟ್ಟಿದ್ದಕ್ಕೆ ಡಿಗ್ರಿ ಹೋಯ್ತು

ಅದು ಗಾಂಧೀಜಿ ವಿದೇಶಿ ಬಟ್ಟೆ ಬಿಡಿ ಅಂತ ಕರೆ ಕೊಟ್ಟ ಕಾಲ. ಸುಬ್ಬರಾವ್ ಆಪರೇಷನ್ ಕೋಣೆಗೂ ಖಾದಿ ಹಾಕಿಕೊಂಡೇ ಹೋದರು. ಶಸ್ತ್ರಚಿಕಿತ್ಸೆ ಕಲಿಸುತ್ತಿದ್ದ ಬ್ರಿಟಿಷ್ ಪ್ರೊಫೆಸರ್‌ಗೆ ಇದು ಸಹಿಸಲಿಲ್ಲ. ಪರೀಕ್ಷೆಯಲ್ಲಿ ಸುಬ್ಬರಾವ್ ಚೆನ್ನಾಗಿಯೇ ಬರೆದಿದ್ದರೂ ಕೈಗೆ ಬಂದದ್ದು ಪೂರ್ತಿ ಎಂಬಿಬಿಎಸ್ ಅಲ್ಲ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಸರ್ಟಿಫಿಕೇಟ್. ಸರ್ಕಾರಿ ವೈದ್ಯಕೀಯ ಸೇವೆಗೆ ಸೇರುವ ದಾರಿ ಅಲ್ಲಿಗೇ ಮುಚ್ಚಿತು.

ಇದೇ ಹೊತ್ತಿಗೆ ಮನೆಯಲ್ಲಿ ಇನ್ನೂ ದೊಡ್ಡ ಪೆಟ್ಟು ಬಿತ್ತು. ಇಬ್ಬರು ಸೋದರರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಇಬ್ಬರಿಗೂ ಬಂದಿದ್ದು ಒಂದೇ ಕಾಯಿಲೆ, ಸ್ಪ್ರೂ. ತಿಂದದ್ದು ಮೈಗೆ ಹತ್ತುವುದಿಲ್ಲ, ಭೇದಿ ನಿಲ್ಲುವುದಿಲ್ಲ, ನಾಲಿಗೆ ಹುಣ್ಣಾಗುತ್ತದೆ, ರಕ್ತ ಕಡಿಮೆಯಾಗಿ ಮನುಷ್ಯ ಕರಗಿಹೋಗುತ್ತಾನೆ. ಸುಬ್ಬರಾವ್ ಅವರಿಗೂ ಅದೇ ಕಾಯಿಲೆ ಬಂತು. ಅವರನ್ನು ಉಳಿಸಿದ್ದು ಆಯುರ್ವೇದ ವೈದ್ಯ ಡಾ. ಆಚಂಟ ಲಕ್ಷ್ಮೀಪತಿಯವರ ಚಿಕಿತ್ಸೆ. ಗುಣವಾದ ಮೇಲೆ ಲಕ್ಷ್ಮೀಪತಿಯವರ ಆಯುರ್ವೇದ ಕಾಲೇಜಿನಲ್ಲೇ ಸುಬ್ಬರಾವ್ ಅಂಗರಚನಾಶಾಸ್ತ್ರ ಕಲಿಸುವ ಕೆಲಸಕ್ಕೆ ಸೇರಿದರು.

ತಾನು ಬದುಕಿದೆ, ಸೋದರರು ಉಳಿಯಲಿಲ್ಲ. ಯಾಕೆ? ಇಂಗ್ಲಿಷ್ ಔಷಧದಲ್ಲಿ ಇದಕ್ಕೆ ಮದ್ದು ಯಾಕಿಲ್ಲ? ಈ ಪ್ರಶ್ನೆ ಅವರನ್ನು ಕೊನೆವರೆಗೂ ಬಿಡಲಿಲ್ಲ.

ರಾತ್ರಿ ಬೆಡ್‌ಪ್ಯಾನ್ ತೊಳೆಯೋದು, ಹಗಲು ಓದು

1920ರ ದಶಕದ ಶುರುವಿನಲ್ಲಿ ಸುಬ್ಬರಾವ್ ಹಡಗು ಹತ್ತಿ ಅಮೆರಿಕದ ಬಾಸ್ಟನ್‌ಗೆ ಹೋದರು. ಮಾವ ಕೊಟ್ಟ ಹಣ, ಒಂದು ಧರ್ಮಸಂಸ್ಥೆಯ ನೆರವು, ಇಷ್ಟೇ ಬಂಡವಾಳ. ಹೆಂಡತಿಯನ್ನು ಊರಲ್ಲೇ ಬಿಟ್ಟು ಹೋದರು. ಕೆಲವು ವರ್ಷದಲ್ಲಿ ವಾಪಸ್ ಬರ್ತೀನಿ ಅನ್ನೋದು ಮಾತು. ಅವರು ಹೋದ ಮೇಲೆ ಗಂಡು ಮಗು ಹುಟ್ಟಿತು. ಆ ಮಗು ಕೆಲವೇ ತಿಂಗಳು ಬದುಕಿತು. ಸುಬ್ಬರಾವ್ ಮಗನ ಮುಖ ನೋಡಲಿಲ್ಲ. ಹೆಂಡತಿಯನ್ನೂ ಮತ್ತೆ ನೋಡಲಿಲ್ಲ.

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಉಷ್ಣವಲಯದ ಕಾಯಿಲೆಗಳ ಕೋರ್ಸಿಗೆ ಸೇರಿದರು. ಅವರ ಬಳಿ ಇದ್ದ ಸರ್ಟಿಫಿಕೇಟಿಗೆ ಅಲ್ಲಿ ಡಾಕ್ಟರ್ ಕೆಲಸ ಸಿಗುವಂತಿರಲಿಲ್ಲ. ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಕೆಲಸಕ್ಕೆ ನಿಂತರು. ರೋಗಿಗಳ ಮಲಮೂತ್ರದ ಪಾತ್ರೆ ತೊಳೆಯೋದು ಅವರ ಕೆಲಸ. ಸಂಪ್ರದಾಯಸ್ಥ ಬ್ರಾಹ್ಮಣ ಮನೆತನದಿಂದ ಬಂದ, ಮೆಡಿಕಲ್ ಓದಿದ ಮನುಷ್ಯ. ಕೆಲಸದಲ್ಲಿ ಮೇಲು ಕೀಳು ನೋಡದೆ ರಾತ್ರಿ ದುಡಿದು ಹಗಲು ಓದಿದರು.

ಕೋರ್ಸು ಮುಗಿದ ಮೇಲೆ ಹಾರ್ವರ್ಡ್ ಮೆಡಿಕಲ್ ಸ್ಕೂಲಿನ ಜೀವರಸಾಯನ ವಿಭಾಗ ಸೇರಿ, ಸೈರಸ್ ಫಿಸ್ಕ್ ಎಂಬ ಪ್ರೊಫೆಸರ್ ಜೊತೆ ಕೆಲಸ ಶುರು ಮಾಡಿದರು. ರಕ್ತ, ಮೂತ್ರದಲ್ಲಿ ರಂಜಕ ಎಷ್ಟಿದೆ ಅಂತ ಅಳೆಯುವ ಸುಲಭ ವಿಧಾನವನ್ನು ಇಬ್ಬರೂ ಸೇರಿ 1925ರಲ್ಲಿ ಪ್ರಕಟಿಸಿದರು. ದ್ರಾವಣಕ್ಕೆ ರಾಸಾಯನಿಕ ಹಾಕಿದರೆ ನೀಲಿ ಬಣ್ಣ ಬರುತ್ತೆ, ಬಣ್ಣ ಗಾಢವಾದಷ್ಟೂ ರಂಜಕ ಹೆಚ್ಚು. ಫಿಸ್ಕ್-ಸುಬ್ಬರಾವ್ ವಿಧಾನ ಅಂತಲೇ ಅದು ಹೆಸರಾಯ್ತು. ಬಯೋಕೆಮಿಸ್ಟ್ರಿ ಓದಿದ ಮಕ್ಕಳಿಗೆ ಈ ಹೆಸರು ಗೊತ್ತಿರುತ್ತೆ.

ಅದೇ ವಿಧಾನ ಹಿಡಿದು ಅವರು ಸ್ನಾಯುಗಳ ಒಳಗೆ ಇಣುಕಿದರು. 1927ರಲ್ಲಿ ಫಾಸ್ಫೋಕ್ರಿಯಾಟಿನ್ ಎಂಬ ವಸ್ತು ಸಿಕ್ಕಿತು. 1929ರಲ್ಲಿ ಎಟಿಪಿ ಸಿಕ್ಕಿತು. ನಾವು ಚೀಲ ಎತ್ತಿದರೂ, ಸೈಕಲ್ ತುಳಿದರೂ, ಸುಮ್ಮನೆ ಉಸಿರಾಡಿದರೂ ಖರ್ಚಾಗುವ ಶಕ್ತಿ ಇರೋದು ಈ ಎಟಿಪಿಯಲ್ಲೇ. ಕಿಸೆಯಲ್ಲಿರೋ ಚಿಲ್ಲರೆ ಕಾಸು ಇದ್ದಂಗೆ, ದೇಹ ಎಲ್ಲ ಕೆಲಸಕ್ಕೂ ಇದನ್ನೇ ಕೊಟ್ಟು ನಡೆಸುತ್ತೆ. ಸ್ನಾಯುವಿಗೆ ಶಕ್ತಿ ಬರೋದು ಲ್ಯಾಕ್ಟಿಕ್ ಆಮ್ಲ ಆಗುವ ಕ್ರಿಯೆಯಿಂದ ಅಂತ ಅಲ್ಲಿವರೆಗೆ ನಂಬಲಾಗಿತ್ತು. ಸ್ನಾಯುವಿನ ಕುರಿತ ಕೆಲಸಕ್ಕೆ 1922ರ ನೊಬೆಲ್ ಬಹುಮಾನವೂ ಹೋಗಿತ್ತು. ಈ ಶೋಧದಿಂದ ಆ ತಿಳಿವಳಿಕೆಯೇ ತಿರುಗಿಹೋಯ್ತು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಹ್ಮನ್ ಕೂಡ ಬೇರೆಯಾಗಿ ಎಟಿಪಿಯನ್ನು ಕಂಡುಹಿಡಿದಿದ್ದರು. ಪುಸ್ತಕಗಳಲ್ಲಿ ಹೆಚ್ಚಾಗಿ ಅವರ ಹೆಸರೇ ಉಳಿಯಿತು.

1930ರಲ್ಲಿ ಸುಬ್ಬರಾವ್‌ಗೆ ಪಿಎಚ್.ಡಿ ಸಿಕ್ಕಿತು. ಕಾಯಂ ಹುದ್ದೆ ಸಿಗಲಿಲ್ಲ. ಇನ್ನೂ ಹತ್ತು ವರ್ಷ ಅದೇ ಮೆಡಿಕಲ್ ಸ್ಕೂಲಿನಲ್ಲಿ ಕೆಳಗಿನ ದರ್ಜೆಯಲ್ಲೇ ದುಡಿದರು. ಅಲ್ಲಿನ ಬೇರೆ ಪ್ರೊಫೆಸರ್‌ಗಳು ಲಿವರ್ ತಿನ್ನಿಸಿ ಒಂದು ಬಗೆಯ ಮಾರಕ ರಕ್ತಹೀನತೆ ವಾಸಿಮಾಡುವ ದಾರಿ ತೋರಿಸಿ 1934ರಲ್ಲಿ ನೊಬೆಲ್ ಪಡೆದಿದ್ದರು. ಲಿವರ್‌ನೊಳಗೆ ಇರುವ ಮದ್ದು ಯಾವುದು ಅಂತ ಸುಬ್ಬರಾವ್ ಹುಡುಕುತ್ತ ಕೂತರು. ಅವರ ತಲೆಯಲ್ಲಿ ಇದ್ದದ್ದು ಸ್ಪ್ರೂ. ಸ್ಪ್ರೂ ಬಂದವರಿಗೂ ರಕ್ತ ಕೆಡುತ್ತೆ, ಅವರಿಗೂ ಲಿವರ್ ಸತ್ವದಿಂದ ಸ್ವಲ್ಪ ಗುಣ ಕಾಣುತ್ತೆ.

ಸೋದರರನ್ನು ಕೊಂದ ಕಾಯಿಲೆಗೆ ಉತ್ತರ

ಹಾರ್ವರ್ಡ್‌ನಲ್ಲಿ ಭವಿಷ್ಯ ಕಾಣದೆ 1940ರಲ್ಲಿ ಸುಬ್ಬರಾವ್ ಹೊರಬಿದ್ದರು. ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಊರಿನಲ್ಲಿದ್ದ ಲೆಡರ್ಲೆ ಎಂಬ ಔಷಧ ಕಂಪನಿ ಸೇರಿ, ಮುಂದೆ ಅಲ್ಲಿನ ಸಂಶೋಧನೆಗೆಲ್ಲ ಮುಖ್ಯಸ್ಥರಾದರು. ಇನ್ನು ಅವರಿಗೆ ಸಿಕ್ಕಿದ್ದು ಎಂಟೇ ವರ್ಷ.

ಇಲ್ಲಿ ನಮ್ಮ ದೇಶದ ಇನ್ನೊಂದು ಕೊಂಡಿ ಇದೆ. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬೈಯ ಬಡ ಗರ್ಭಿಣಿಯರಿಗೆ ಬರುತ್ತಿದ್ದ ರಕ್ತಹೀನತೆಯನ್ನು ಅಧ್ಯಯನ ಮಾಡಿ, ಯೀಸ್ಟ್ ಸತ್ವ ಕೊಟ್ಟರೆ ಅದು ವಾಸಿಯಾಗುತ್ತೆ ಅಂತ 1931ರಲ್ಲಿ ತೋರಿಸಿದ್ದರು. ಆ ಸತ್ವದಲ್ಲಿದ್ದದ್ದು ಏನು ಅಂತ ಆಗ ಗೊತ್ತಿರಲಿಲ್ಲ. ಲಿವರ್, ಯೀಸ್ಟ್, ಸೊಪ್ಪು ಎಲ್ಲದರಲ್ಲೂ ಇದ್ದ ಅದೇ ವಸ್ತು ಫೋಲಿಕ್ ಆಸಿಡ್. ರಾಶಿ ರಾಶಿ ಲಿವರ್ ಅರೆದರೂ ಸಿಗುತ್ತಿದ್ದದ್ದು ಚೂರೇ ಚೂರು. ಸುಬ್ಬರಾವ್ ತಂಡ 1945ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿತು. ಅಲ್ಲಿಂದ ಮುಂದೆ ಎಷ್ಟು ಬೇಕಾದರೂ ಮಾಡಬಹುದಾಯ್ತು.

ಕ್ಯೂಬಾದಲ್ಲಿ ಟಾಮ್ ಸ್ಪೈಸ್ ಎಂಬ ವೈದ್ಯರು ಸ್ಪ್ರೂ ರೋಗಿಗಳಿಗೆ ಇದನ್ನು ಕೊಟ್ಟರು. ಹಾಸಿಗೆ ಹಿಡಿದವರು ಎದ್ದು ಕೂತರು, ಊಟ ಸೇರಿತು, ರಕ್ತ ಏರಿತು. ಭೀಮಾವರಂ ಹುಡುಗನ ಪ್ರಶ್ನೆಗೆ ಉತ್ತರ ಸಿಗೋಕೆ ಸುಮಾರು ಇಪ್ಪತ್ತೈದು ವರ್ಷ ಬೇಕಾಯ್ತು.

ಇವತ್ತು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗರ್ಭಿಣಿಯರಿಗೆ ಕೊಡುವ ಕೆಂಪು ಗುಳಿಗೆಯಲ್ಲಿ ಕಬ್ಬಿಣದ ಜೊತೆ ಇರೋದು ಇದೇ ಫೋಲಿಕ್ ಆಸಿಡ್. ಹೈಸ್ಕೂಲು ಮಕ್ಕಳಿಗೆ ವಾರಕ್ಕೊಂದು ಕೊಡುವ ನೀಲಿ ಗುಳಿಗೆಯಲ್ಲೂ ಇದೆ. ಬಸಿರಾಗುವ ಮೊದಲಿನಿಂದಲೇ ಫೋಲಿಕ್ ಆಸಿಡ್ ತಗೊಂಡರೆ ಮಗುವಿನ ಬೆನ್ನುಹುರಿ, ಮಿದುಳಿನ ಹುಟ್ಟುದೋಷ ಬಹಳಷ್ಟು ತಪ್ಪುತ್ತೆ ಅಂತ 1991ರಲ್ಲಿ ಬ್ರಿಟನ್ನಿನ ವೈದ್ಯರು ಪ್ರಕಟಿಸಿದ ಅಧ್ಯಯನ ತೋರಿಸಿತು. ಸುಬ್ಬರಾವ್ ಇಷ್ಟನ್ನು ಊಹಿಸಿಯೂ ಇರಲಿಕ್ಕಿಲ್ಲ.

ಕೀಲಿಗೆ ಸರಿಹೊಂದದ ಕೀಲಿಕೈ

ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಅಂತ ವೈದ್ಯರಿದ್ದರು. ಅವರೂ ಹಾರ್ವರ್ಡ್ ಮೆಡಿಕಲ್ ಸ್ಕೂಲಿನವರೇ. ರಕ್ತದ ಕ್ಯಾನ್ಸರ್ ಬಂದ ಮಕ್ಕಳಿಗೆ ಆಗ ಮದ್ದೇ ಇರಲಿಲ್ಲ. ಫಾರ್ಬರ್ ಸುಬ್ಬರಾವ್ ತಂಡದಿಂದ ಫೋಲಿಕ್ ಆಸಿಡ್ ಜಾತಿಯ ವಸ್ತು ತರಿಸಿ ಕೊಟ್ಟು ನೋಡಿದರು. ಕ್ಯಾನ್ಸರ್ ಇನ್ನೂ ಜೋರಾಯ್ತು. ಹೊಲಕ್ಕೆ ಹಾಕಿದ ಗೊಬ್ಬರ ಬೆಳೆಗಿಂತ ಕಳೆಗೇ ಹೆಚ್ಚು ಹತ್ತಿದಂಗೆ.

ಆದರೆ ಇದರಲ್ಲೇ ದಾರಿ ಕಂಡಿತು. ಫೋಲಿಕ್ ಆಸಿಡ್ ಕ್ಯಾನ್ಸರ್ ಕಣಕ್ಕೆ ಗೊಬ್ಬರವಾದರೆ, ನೋಡೋಕೆ ಅದೇ ಥರ ಇದ್ದು ಕೆಲಸಕ್ಕೆ ಬಾರದ ನಕಲಿ ಕೊಟ್ಟರೆ ಹೇಗೆ? ಬೀಗಕ್ಕೆ ಸರಿಹೊಂದದ ಕೀಲಿಕೈ ಒಳಗೆ ಸಿಕ್ಕಿಕೊಂಡರೆ ನಿಜವಾದ ಕೀಲಿಕೈ ಹಾಕೋಕೆ ಜಾಗವೇ ಇರಲ್ಲ. ಲೆಡರ್ಲೆಯಲ್ಲಿ ಅಂಥ ನಕಲಿಗಳನ್ನು ತಯಾರಿಸಿದರು. ಅದರಲ್ಲಿ ಅಮೈನೋಪ್ಟೆರಿನ್ ಎಂಬುದನ್ನು ಫಾರ್ಬರ್ ಹದಿನಾರು ಮಕ್ಕಳಿಗೆ ಕೊಟ್ಟರು. ಹತ್ತು ಮಕ್ಕಳಲ್ಲಿ ಗುಣ ಕಂಡಿತು. 1948ರಲ್ಲಿ ಇದು ಪ್ರಕಟವಾಯ್ತು. ಆ ಗುಣ ಬಹಳ ದಿನ ನಿಲ್ಲಲಿಲ್ಲ ನಿಜ. ಆದರೂ ರಕ್ತದ ಕ್ಯಾನ್ಸರನ್ನು ಔಷಧದಿಂದ ಹಿಂದಕ್ಕೆ ತಳ್ಳಬಹುದು ಅಂತ ಗೊತ್ತಾದದ್ದು ಆಗಲೇ. ಹುದ್ದೆ ಕೊಡದೆ ಕಳಿಸಿದ ಮೆಡಿಕಲ್ ಸ್ಕೂಲಿನ ಆಸ್ಪತ್ರೆಗೇ ಸುಬ್ಬರಾವ್ ಔಷಧ ಕಳಿಸಿಕೊಟ್ಟಿದ್ದರು.

ಅದೇ ಕುಟುಂಬದ ಇನ್ನೊಂದು ಔಷಧ ಮೆಥೋಟ್ರೆಕ್ಸೇಟ್. ಕ್ಯಾನ್ಸರ್‌ಗೂ, ಸಣ್ಣ ಪ್ರಮಾಣದಲ್ಲಿ ಕೈಕಾಲಿನ ಕೀಲು ಬಾತುಕೊಳ್ಳುವ ಸಂಧಿವಾತಕ್ಕೂ ಈಗಲೂ ಅದನ್ನೇ ಬರೆಯುತ್ತಾರೆ. ಸಂಧಿವಾತಕ್ಕೆ ಅದನ್ನು ವಾರಕ್ಕೆ ಒಂದೇ ದಿನ ತಗೋಬೇಕು. ದಿನಾ ತಗೊಂಡರೆ ಜೀವಕ್ಕೇ ಅಪಾಯ. ಮನೆಯಲ್ಲಿ ಹಿರಿಯರು ಈ ಗುಳಿಗೆ ತಗೊಳ್ಳುತ್ತಿದ್ದರೆ ಯಾವ ವಾರ ಅಂತ ಚೀಟಿ ಮೇಲೆ ದೊಡ್ಡದಾಗಿ ಬರೆದಿಡಿ. ಮೆಡಿಕಲ್ ಶಾಪಿನವರೂ ಕೊಡುವಾಗ ಒಂದು ಮಾತು ಹೇಳಿ.

ಮಣ್ಣಲ್ಲಿ ಸಿಕ್ಕ ಚಿನ್ನ

ಸುಬ್ಬರಾವ್ ಕೈಕೆಳಗೆ ಬೆಂಜಮಿನ್ ಡಗ್ಗರ್ ಎಂಬ ಎಪ್ಪತ್ತು ದಾಟಿದ, ನಿವೃತ್ತರಾದ ಸಸ್ಯವಿಜ್ಞಾನಿ ಕೆಲಸ ಮಾಡುತ್ತಿದ್ದರು. ಬೇರೆ ಬೇರೆ ಊರಿನ ಮಣ್ಣು ತರಿಸಿ ಅದರಲ್ಲಿರುವ ಸೂಕ್ಷ್ಮಜೀವಿಗಳನ್ನು ಸೋಸೋದು ಡಗ್ಗರ್ ಕೆಲಸ. ಮಿಸ್ಸೂರಿ ವಿಶ್ವವಿದ್ಯಾಲಯದ ಒಂದು ಹೊಲದ ಮಣ್ಣಿನಲ್ಲಿ 1945ರಲ್ಲಿ ಬಂಗಾರ ಬಣ್ಣದ ಸೂಕ್ಷ್ಮಜೀವಿ ಸಿಕ್ಕಿತು. ಅದರಿಂದ ತೆಗೆದ ಔಷಧಕ್ಕೆ ಆರಿಯೋಮೈಸಿನ್ ಅಂತ ಹೆಸರಿಟ್ಟರು. ಟೆಟ್ರಾಸೈಕ್ಲಿನ್ ಜಾತಿಯ ಮೊದಲ ಔಷಧ ಅದೇ. ಪೆನಿಸಿಲಿನ್ ಮುಟ್ಟದ ಹಲವು ರೋಗಾಣುಗಳನ್ನೂ ಅದು ಹೊಡೆಯುತ್ತಿತ್ತು, ಬಾಯಿಂದಲೇ ತಗೋಬಹುದಿತ್ತು. 1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಅಂತ ಊರಿಗೆ ಊರೇ ಖಾಲಿಯಾದಾಗ ಜನರಿಗೆ ಹಂಚಿದ್ದು ಟೆಟ್ರಾಸೈಕ್ಲಿನ್ ಗುಳಿಗೆಗಳನ್ನೇ.

ಡಿಇಸಿ ಬಂದದ್ದು ಹೀಗೆ

ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಿಗೆ ಹೋದ ಅಮೆರಿಕದ ಸೈನಿಕರಿಗೆ ಫೈಲೇರಿಯಾ ತಗುಲಿತು. ಅದುವರೆಗೆ ಇದು ಬಡ ದೇಶಗಳ ಕಾಯಿಲೆ, ತಮ್ಮವರಿಗೇ ಬಂದ ಮೇಲೆ ಅಮೆರಿಕ ಗಮನ ಕೊಟ್ಟಿತು. ಆಗ ಇದ್ದ ಮದ್ದುಗಳು ಆಂಟಿಮನಿ, ಆರ್ಸೆನಿಕ್‌ನಂಥ ವಿಷದ ಲೋಹಗಳಿಂದ ಮಾಡಿದವು. ಹುಳ ಸಾಯುವ ಮೊದಲೇ ಮನುಷ್ಯ ಹಣ್ಣಾಗುತ್ತಿದ್ದ. ಸುಬ್ಬರಾವ್ ಮುಂದಾಳತ್ವದಲ್ಲಿ ಲೆಡರ್ಲೆಯವರು ಹೊಸ ರಾಸಾಯನಿಕಗಳನ್ನು ಹುಳ ಹತ್ತಿದ ಇಲಿಗಳ ಮೇಲೆ ಒಂದೊಂದಾಗಿ ಪರೀಕ್ಷಿಸಿದರು. 1947ರಲ್ಲಿ ಡಿಇಸಿ ಹೊರಬಂತು.

ಫೈಲೇರಿಯಾ ಹುಳ ನಮ್ಮ ಗಟಾರದ ಕ್ಯೂಲೆಕ್ಸ್ ಸೊಳ್ಳೆಯಿಂದ ಹರಡುತ್ತೆ. ದೊಡ್ಡ ಹುಳ ದುಗ್ಧನಾಳದಲ್ಲಿ ಕೂತು ಮರಿ ಹಾಕುತ್ತೆ. ಮರಿಗಳು ಹಗಲು ಒಳಗೆ ಅಡಗಿದ್ದು, ಸೊಳ್ಳೆ ಕಚ್ಚುವ ರಾತ್ರಿ ಹೊತ್ತಿಗೆ ರಕ್ತಕ್ಕೆ ಬರುತ್ತವೆ. ಆರೋಗ್ಯ ಇಲಾಖೆಯವರು ರಾತ್ರಿ ಬಂದು ಬೆರಳು ಚುಚ್ಚಿ ರಕ್ತ ತಗೊಳ್ಳೋದು ಇದಕ್ಕೇ. ಕಾಲು ಬಾತುಕೊಳ್ಳೋದಕ್ಕೆ ವರ್ಷಗಟ್ಟಲೆ ಬೇಕು. ಅಲ್ಲಿವರೆಗೆ ಹುಳ ಇರುವವನಿಗೆ ಏನೂ ತಿಳಿಯದೇ ಇರಬಹುದು, ಆದರೆ ಅವನಿಂದ ಓಣಿಗೆಲ್ಲ ಹರಡುತ್ತಿರುತ್ತೆ. ಒಮ್ಮೆ ಆನೆಕಾಲು ಆದ ಮೇಲೆ ಗುಳಿಗೆ ನುಂಗಿದರೂ ಕಾಲು ಮೊದಲಿನಂಗೆ ಆಗಲ್ಲ. ಅದಕ್ಕೇ ಕಾಲು ಚೆನ್ನಾಗಿರುವಾಗಲೇ ನುಂಗಬೇಕು.

ನಮ್ಮ ರಾಜ್ಯದಲ್ಲಿ ಈ ರೋಗ ಬೇರೂರಿದ ಜಿಲ್ಲೆಗಳೆಂದರೆ ನಮ್ಮ ಕಡೆಯ ಯಾದಗಿರಿ, ಕಲಬುರಗಿ, ರಾಯಚೂರು, ಬೀದರ್, ವಿಜಯಪುರ, ಬಾಗಲಕೋಟೆ ಮತ್ತು ಕರಾವಳಿ. ಡಿಇಸಿ, ಅಲ್ಬೆಂಡಜೋಲ್, ಐವರ್‌ಮೆಕ್ಟಿನ್ ಮೂರನ್ನೂ ಒಟ್ಟಿಗೆ ಕೊಡುವ ಕ್ರಮ ದೇಶದಲ್ಲಿ ಶುರುವಾದಾಗ ಮೊದಲು ಆರಿಸಿದ ಕೆಲವೇ ಜಿಲ್ಲೆಗಳಲ್ಲಿ ಯಾದಗಿರಿಯೂ ಇತ್ತು. ಗರ್ಭಿಣಿಯರು, ಎರಡು ವರ್ಷದೊಳಗಿನ ಮಕ್ಕಳು, ತೀವ್ರ ಕಾಯಿಲೆ ಇರುವವರು ಬಿಟ್ಟು ಉಳಿದವರು ಕಾರ್ಯಕರ್ತೆಯರು ಹೇಳಿದಷ್ಟು ಗುಳಿಗೆಯನ್ನು ಊಟ ಮಾಡಿ ಅವರೆದುರೇ ತಗೋಬೇಕು. ನುಂಗಿದ ಮೇಲೆ ಕೆಲವರಿಗೆ ಸಣ್ಣ ಜ್ವರ, ತಲೆನೋವು ಬರುತ್ತೆ. ಹೆಚ್ಚಾಗಿ ಅದು ಒಳಗಿನ ಹುಳ ಸಾಯುತ್ತಿರುವ ಗುರುತು. ಜಾಸ್ತಿ ಅನ್ನಿಸಿದರೆ ದವಾಖಾನೆಗೆ ತೋರಿಸಿ.

ನಿದ್ದೆಯಲ್ಲೇ ಹೋದರು

1948ರ ಆಗಸ್ಟ್‌ನಲ್ಲಿ ಸುಬ್ಬರಾವ್ ನಿದ್ದೆಯಲ್ಲೇ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 53. ಆರಿಯೋಮೈಸಿನ್ ಮಾರುಕಟ್ಟೆಗೆ ಬಂದದ್ದೂ, ಫಾರ್ಬರ್ ವರದಿ ಪ್ರಕಟವಾದದ್ದೂ ಅದೇ ವರ್ಷ. ಭಾರತೀಯರಿಗೆ ಅಮೆರಿಕದ ಪೌರತ್ವ ಪಡೆಯಲು ಕಾನೂನು 1946ರಲ್ಲೇ ದಾರಿ ತೆರೆದಿತ್ತು. ಆದರೂ ಅವರು ಅಲ್ಲಿನ ಪೌರರಾಗದೆ ಉಳಿದರು. ಸ್ವಾತಂತ್ರ್ಯ ಬಂದ ಭಾರತವನ್ನು ನೋಡಲೂ ಇಲ್ಲ. ನೊಬೆಲ್ ಬರಲಿಲ್ಲ. ತಂಡದವರನ್ನು ಮುಂದೆ ನಿಲ್ಲಿಸಿ ತಾವು ಹಿಂದೆ ಉಳಿಯುವ ಸ್ವಭಾವ ಅವರದು. ಹುಟ್ಟಿ ನೂರು ವರ್ಷವಾದಾಗ, 1995ರಲ್ಲಿ, ನಮ್ಮ ಅಂಚೆ ಇಲಾಖೆ ಅವರ ಚಿತ್ರದ ಸ್ಟಾಂಪ್ ತಂದಿತು.

ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ ಇವತ್ತಿಗೂ ಫೋಲಿಕ್ ಆಸಿಡ್ ಇದೆ, ಮೆಥೋಟ್ರೆಕ್ಸೇಟ್ ಇದೆ, ಡಿಇಸಿ ಇದೆ, ಟೆಟ್ರಾಸೈಕ್ಲಿನ್ ಕುಟುಂಬದ ಡಾಕ್ಸಿಸೈಕ್ಲಿನ್ ಇದೆ. ಒಬ್ಬ ಪ್ರೊಫೆಸರ್ ಒಂದು ಕಾಯಿಲೆ ಹಿಡಿದು ಜೀವನ ಪೂರ್ತಿ ಕೂರೋದು ಸಾಮಾನ್ಯ. ಸುಬ್ಬರಾವ್ ರಕ್ತಹೀನತೆ, ಕ್ಯಾನ್ಸರ್, ಸೋಂಕು, ಫೈಲೇರಿಯಾ ನಾಲ್ಕಕ್ಕೂ ಕೈ ಹಾಕಿದರು, ನಾಲ್ಕರಲ್ಲೂ ಅವರ ಪ್ರಯೋಗಶಾಲೆಯಿಂದ ಮದ್ದು ಬಂತು.

ಔಷಧ ಮಾಡುವವರ ಕೈಲಿ ಆಗೋದು ಅಲ್ಲಿಗೆ ಮುಗಿಯುತ್ತೆ. ಮುಂದಿನದು ನಮ್ಮ ಕೈಲಿ. ಮುಂದಿನ ಸಲ ಆಶಾ ಕಾರ್ಯಕರ್ತೆ ಬಂದಾಗ, ಅಂಗಡಿಯಲ್ಲಿ ಗಿರಾಕಿ ಇದ್ದರೂ ಎರಡು ನಿಮಿಷ ನಿಲ್ಲಿಸಿ, ಊಟ ಆಗಿದ್ದರೆ ಅಲ್ಲೇ ನೀರು ಕುಡಿದು ಗುಳಿಗೆ ನುಂಗಿಬಿಡಿ. ಅಂಗಡಿ ಹುಡುಗರಿಗೂ ಕೊಡಿಸಿ.